ಗಂಜಿಯೂ ಗುಳಿಗೆಯೂ

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ಸಾಗಿದರೆ ದೊರೆಯುವ ಖಾನಾಪುರವು ಎರಡು ಬಗೆಯ ಊಟಗಳ ಗಡಿಯಲ್ಲಿ ನಿಂತ ಊರು. ಅಲ್ಲಿಂದ ಪಶ್ಚಿಮಕ್ಕೆ, ಜಾಂಬೋಟಿಯನ್ನು ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಏರಿದಂತೆಲ್ಲ, ಸಹ್ಯಾದ್ರಿಯ ಕಾಡು ದಟ್ಟವಾಗುತ್ತ, ಮಳೆ ಬಲಿಯುತ್ತ, ಗದ್ದೆಯಲ್ಲಿ ಭತ್ತವೂ ತಟ್ಟೆಯಲ್ಲಿ ಅನ್ನವೂ ಪ್ರಧಾನವಾಗುತ್ತವೆ. ಪೂರ್ವಕ್ಕೆ ಕಿತ್ತೂರು, ಬೈಲಹೊಂಗಲ, ಸವದತ್ತಿಗಳತ್ತ ಇಳಿದಂತೆಲ್ಲ ಎರೆಭೂಮಿ ತೆರೆದುಕೊಂಡು, ರೊಟ್ಟಿ ಬಡಿಯುವ ಸದ್ದು ಮನೆಮನೆಯಿಂದ ಕೇಳಿಬರುತ್ತದೆ. ಜಠರವ್ರಣವನ್ನು, ಎಂದರೆ ಜನರು ಹೊಟ್ಟೆಯ ಹುಣ್ಣೆಂದೂ ಅಲ್ಸರೆಂದೂ ಕರೆಯುವ ವ್ಯಾಧಿಯನ್ನು ಕುರಿತ ಅಧ್ಯಾಯವನ್ನು ಹೀಗೆ ಭೂಗೋಳದಿಂದ ತೊಡಗುವುದಕ್ಕೆ ಕಾರಣವುಂಟು: ಈ ರೋಗದ ವಿಷಯದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಅತ್ಯಂತ ಮೌಲಿಕವಾದ ಪ್ರಶ್ನೆಯು ಅನ್ನ ಉಣ್ಣುವವರನ್ನೂ ರೊಟ್ಟಿ ತಿನ್ನುವವರನ್ನೂ ಹೋಲಿಸಿ ನೋಡಿದ್ದರಿಂದಲೇ ಹುಟ್ಟಿತು.

1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಪ್ರಸಿದ್ಧವಾಗಿರುವ ಆ ಸಂಸ್ಥೆಯಲ್ಲಿ, ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಸೇವೆಯಲ್ಲಿದ್ದರು. ಸಣ್ಣಕರುಳಿನ ಮೊದಲ ಭಾಗವಾದ ಡುವೊಡಿನಮ್ಮಿನಲ್ಲಿ ವ್ರಣವಾಗಿ, ವರ್ಷಾನುಗಟ್ಟಲೆ ನೋವುಂಡು, ಕೊನೆಗೆ ಆ ದಾರಿಯೇ ಕಲೆಗಟ್ಟಿ ಮುಚ್ಚಿಹೋಗಿ, ಉಂಡದ್ದನ್ನೆಲ್ಲ ವಾಂತಿ ಮಾಡಿಕೊಳ್ಳುವ ಸ್ಥಿತಿಗೆ ಬಂದ ರೋಗಿಗಳು ಅವರ ಬಳಿಗೆ ಬರುತ್ತಲೇ ಇದ್ದರು. ದಕ್ಷಿಣದ ಅಕ್ಕಿಯ ನಾಡುಗಳಲ್ಲಿ ಇಷ್ಟು ಸಾಮಾನ್ಯವಾದ ಈ ರೋಗವು ಪಂಜಾಬದ ಗೋಧಿಯ ನಾಡಿನಲ್ಲಿ ವಿರಳವೆಂಬ ಸಂಗತಿಯು ಅವರನ್ನು ಜೀವಮಾನದುದ್ದಕ್ಕೂ ಕಾಡಿತು. ಅದೇ ಕಾಲದಲ್ಲಿ ರೈಲ್ವೆಯ ವೈದ್ಯಾಧಿಕಾರಿಗಳಾಗಿದ್ದ ಎಸ್. ಎಲ್. ಮಲ್ಹೋತ್ರ ಅವರು ಅದೇ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಎತ್ತಿಕೊಂಡರು. ರೈಲ್ವೆಯ ನೌಕರರೆಂದರೆ ಉತ್ತರದಲ್ಲಾಗಲಿ ದಕ್ಷಿಣದಲ್ಲಾಗಲಿ ಹೆಚ್ಚುಕಡಿಮೆ ಒಂದೇ ತೆರನಾದ ದುಡಿಮೆ, ಒಂದೇ ತೆರನಾದ ಸಂಬಳ, ಒಂದೇ ತೆರನಾದ ಆಸ್ಪತ್ರೆಯುಳ್ಳವರು. ಅವರಲ್ಲಿ ಎದ್ದುಕಾಣುವಂತೆ ಭಿನ್ನವಾದದ್ದು ಆಹಾರ. ರೊಟ್ಟಿಯನ್ನು ಅಗಿಯದೆ ನುಂಗಲಾಗದು, ಅಗಿದಂತೆ ಲಾಲಾರಸ ಸುರಿಯುತ್ತದೆ, ಆ ರಸ ಆಮ್ಲವನ್ನು ತಗ್ಗಿಸುತ್ತದೆ. ಸಾರು ಕಲಸಿದ ಮೆತ್ತನೆಯ ಅನ್ನವಾದರೋ ಅಗಿಯುವ ಮೊದಲೇ ಗಂಟಲಿನಲ್ಲಿ ಇಳಿದಿರುತ್ತದೆ ಎಂಬುದು ಅವರ ತರ್ಕವಾಗಿತ್ತು. ವ್ರಣವುಳ್ಳವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜರಡಿ ಹಿಡಿಯದ ಗೋಧಿಹಿಟ್ಟಿನ ಊಟವನ್ನೂ ಇನ್ನೊಂದಕ್ಕೆ ಅನ್ನದ ಊಟವನ್ನೂ ವಿಧಿಸಿ ವರ್ಷಗಳವರೆಗೆ ನೋಡಿದಾಗ, ಗೋಧಿಯವರಲ್ಲಿ ಹುಣ್ಣು ಮರುಕಳಿಸುವುದು ಬಹಳ ಕಡಮೆಯೆಂದು ಅವರು 1978ರಲ್ಲಿ ಪ್ರಕಟಿಸಿದರು.

ಈ ಪ್ರಶ್ನೆಗೆ ಮರಳುವ ಮೊದಲು ಜಠರದೊಳಗೆ ನಡೆಯುವುದೇನೆಂಬುದನ್ನು ನೋಡೋಣ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಅಕಸ್ಮಾತ್ತಾಗಿ ಗುಂಡು ತಗುಲಿ, ಗಾಯ ಮಾಯ್ದರೂ ಹೊಟ್ಟೆಯಿಂದ ಜಠರದವರೆಗೆ ಒಂದು ರಂಧ್ರ ಉಳಿದೇಹೋಯಿತು. ಅವನನ್ನು ಬದುಕಿಸಿದ ಸೇನಾವೈದ್ಯ ವಿಲಿಯಂ ಬೋಮಾಂಟ್, ಆ ರಂಧ್ರದಲ್ಲಿ ದಾರಕ್ಕೆ ಕಟ್ಟಿದ ಮಾಂಸದ ತುಣುಕುಗಳನ್ನು ಇಳಿಬಿಟ್ಟು, ಗಳಿಗೆಗೊಮ್ಮೆ ಎಳೆದು ನೋಡಿ, ಇನ್ನೂರಕ್ಕೂ ಮಿಕ್ಕ ಪ್ರಯೋಗಗಳನ್ನು 1833ರ ತನ್ನ ಗ್ರಂಥದಲ್ಲಿ ವಿವರಿಸಿದನು. ಆಹಾರವನ್ನು ಕರಗಿಸುವುದು ಜಠರರಸವೇ ಎಂಬುದೂ, ರೋಗಿಗೆ ಕೋಪ ಬಂದಾಗ ಜಠರದ ಒಳಮೈಯ ಬಣ್ಣವೂ ಪಚನದ ಗತಿಯೂ ಬದಲಾಗುವುವೆಂಬುದೂ ಹೀಗೆ ಕಣ್ಣಿಗೆ ಕಂಡವು. ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ ಅದಕ್ಕೂ ಮೊದಲೇ ತೋರಿಸಿದ್ದನು. ಮಾಂಸವನ್ನು ಕರಗಿಸುವ ಆಮ್ಲ ಮಾಂಸದಿಂದಲೇ ಆದ ಜಠರವನ್ನೇಕೆ ಕರಗಿಸದು? ಒಳಮೈಯನ್ನು ಹೊದ್ದ ಲೋಳೆಯ ಪದರ, ಆ ಪದರದೊಳಗೆ ಸ್ರವಿಸುವ ಕ್ಷಾರ, ಸದಾ ಹರಿಯುವ ರಕ್ತ, ಸವೆದಂತೆಲ್ಲ ಹೊಸದಾಗಿ ಹುಟ್ಟುವ ಜೀವಕೋಶಗಳು, ಇವು ಅದರ ರಕ್ಷಣೆ. ಈ ರಕ್ಷಣೆ ಯಾವ ಸ್ಥಳದಲ್ಲಿ ಸೋಲುವುದೋ ಅಲ್ಲಿ ಹುಣ್ಣಾಗುತ್ತದೆ. ಆಮ್ಲ ಹೆಚ್ಚಾಗುವುದಕ್ಕಿಂತ ರಕ್ಷಣೆ ಕುಗ್ಗುವುದೇ ಎಷ್ಟೋ ರೋಗಿಗಳಲ್ಲಿ ಮೂಲಕಾರಣವೆಂಬುದನ್ನು ನೆನಪಿನಲ್ಲಿಡಬೇಕು.

ನೋವಿಗೂ ಒಂದು ವೇಳಾಪಟ್ಟಿಯುಂಟು. ಡುವೊಡಿನಮ್ಮಿನ ವ್ರಣವು ಉಂಡ ಎರಡು ಮೂರು ಗಂಟೆಗಳ ಮೇಲೆ, ಹೊಟ್ಟೆ ಬರಿದಾದಾಗ, ಹೊಕ್ಕಳಿನ ಮೇಲುಭಾಗದಲ್ಲಿ ಕಡಿಯತೊಡಗಿ, ನಡುರಾತ್ರಿ ಒಂದೆರಡು ಗಂಟೆಗೆ ನಿದ್ರೆ ಕೆಡಿಸಿ, ಏನಾದರೂ ತಿಂದೊಡನೆ ಶಮನವಾಗುತ್ತದೆ. ಜಠರದ್ದೇ ವ್ರಣವಾದರೆ ಹಲವರಲ್ಲಿ ಊಟದಿಂದಲೇ ನೋವು ಕೆರಳುತ್ತದೆ. ನಮ್ಮ ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ: ಅನ್ನ ಜೀರ್ಣವಾಗುವ ವೇಳೆಯಲ್ಲಿ ಏಳುವ ಪರಿಣಾಮಶೂಲವನ್ನೂ, ಅನ್ನದ್ರವಶೂಲವನ್ನೂ, ಅಮ್ಲಪಿತ್ತವನ್ನೂ ಮಾಧವನಿದಾನವೆಂಬ ಆಯುರ್ವೇದ ಗ್ರಂಥವು ಬೇರೆ ಬೇರೆಯಾಗಿಯೇ ಹೇಳಿದೆ. ಕೆಲವು ವಾರ ಕಾಡಿ, ತಾನಾಗಿ ಅಡಗಿ, ತಿಂಗಳುಗಳ ತರುವಾಯ ಮತ್ತೆ ಹೆಡೆಯೆತ್ತುವುದು ಈ ನೋವಿನ ಸ್ವಭಾವ. ಅಡಗುವ ಕಾಲದಲ್ಲಿ ರೋಗಿಯು ಯಾವ ಕಷಾಯವನ್ನು ಕುಡಿಯುತ್ತಿದ್ದನೋ ಆ ಕಷಾಯಕ್ಕೆ ಕೀರ್ತಿ ಲಭಿಸುತ್ತದೆ. ಮನೆಮದ್ದುಗಳ ವಿಷಯದಲ್ಲಿ ನಮ್ಮನ್ನು ತಪ್ಪುದಾರಿಗೆ ಎಳೆಯುವುದು ಬಹುಮಟ್ಟಿಗೆ ಇದೇ.

ಹಾಲಿನ ಕಥೆಯನ್ನೇ ನೋಡಬಹುದು. 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಎಂಬ ವೈದ್ಯನು ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುನಡುವೆ ಕ್ಷಾರದ ಪುಡಿ ಎಂಬ ಪಥ್ಯವನ್ನು ಪ್ರಕಟಿಸಿದನು. ಅದು ಎರಡು ತಲೆಮಾರುಗಳವರೆಗೆ ಜಗತ್ತಿನ ಆಸ್ಪತ್ರೆಗಳನ್ನು ಆಳಿತು. ಹಾಲು ಕುಡಿದೊಡನೆ ಉರಿ ತಣಿಯುವುದು ನಿಜ. ಆದರೆ ಹಾಲಿನ ಪ್ರೋಟೀನೂ ಕ್ಯಾಲ್ಸಿಯಮ್ಮೂ ಸ್ವಲ್ಪ ಹೊತ್ತಿನಲ್ಲಿಯೇ ಜಠರವನ್ನು ಪ್ರಚೋದಿಸಿ ಹೆಚ್ಚು ಆಮ್ಲವನ್ನು ಸುರಿಸುತ್ತವೆಂಬುದು ತರುವಾಯ ತಿಳಿಯಿತು. ಹಾಲು ಮತ್ತು ಕ್ಷಾರವನ್ನು ದೀರ್ಘಕಾಲ ಸೇವಿಸಿದ ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳು ಕೆಟ್ಟವು. ಹಾಲನ್ನು ಆಹಾರವೆಂದು ಕುಡಿಯುವುದಕ್ಕೆ ಅಡ್ಡಿಯಿಲ್ಲ, ಔಷಧವೆಂದು ಗಂಟೆಗೊಮ್ಮೆ ಕುಡಿಯತಕ್ಕದ್ದಲ್ಲ. ಮಲಗುವ ಮುನ್ನ ಒಂದು ದೊಡ್ಡ ಲೋಟ ಹಾಲು ಕುಡಿದು ನಡುರಾತ್ರಿ ನೋವಿನಿಂದ ಏಳುವವರು ಆ ಹಾಲನ್ನು ಬಿಟ್ಟು ನೋಡುವುದು ಲೇಸು.

ಸಿಪ್ಪಿಯ ಪಥ್ಯಕ್ಕೂ, ಅದರ ತರುವಾಯದ ಶಸ್ತ್ರಕ್ರಿಯೆಗಳಿಗೂ, ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ 1976ರಲ್ಲಿ ಬಂದ ಸಿಮೆಟಿಡೀನ್ ಎಂಬ ಆಮ್ಲಶಾಮಕಕ್ಕೂ ತಳಹದಿಯಾಗಿದ್ದ ನಂಬಿಕೆ ಒಂದೇ: ಆಮ್ಲವಿಲ್ಲದೆ ವ್ರಣವಿಲ್ಲ. ಈ ನಂಬಿಕೆಯ ಹಿಂದೆ ಇನ್ನೊಂದು ಸತ್ಯ ಅಡಗಿದ್ದಿತು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಜಠರದ ಲೋಳೆಯಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಅವರೊಡಗೂಡಿದರು. ಎಷ್ಟು ಯತ್ನಿಸಿದರೂ ಗಾಜಿನ ತಟ್ಟೆಯಲ್ಲಿ ಬೆಳೆಯದ ಆ ಜೀವಿಯು, 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ಎಂದಿನಂತೆ ಎರಡು ದಿನಕ್ಕೆ ಎಸೆಯದೆ ಬಿಟ್ಟುಹೋದದ್ದರಿಂದ, ನಿಧಾನವಾಗಿ ಬೆಳೆದು ಕಾಣಿಸಿಕೊಂಡಿತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿಗಳಿಂದ ನರಳಿ, ತಮ್ಮ ಜಠರ ಉರಿಗೊಂಡದ್ದನ್ನು ಪರೀಕ್ಷೆಯಿಂದ ಸಿದ್ಧಪಡಿಸಿದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಈ ರೋಗಾಣುವು ಯೂರಿಯಾವನ್ನು ಒಡೆದು ಅಮೋನಿಯ ಹೊರಡಿಸಿ, ಆ ಕ್ಷಾರದ ಮುಸುಕಿನಲ್ಲಿ ಆಮ್ಲದಿಂದ ತಪ್ಪಿಸಿಕೊಂಡು, ವರ್ಷಾನುಗಟ್ಟಲೆ ನಮ್ಮ ರಕ್ಷಣೆಯನ್ನು ಕೊರೆಯುತ್ತಿರುತ್ತದೆ. ಇರ್ವರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಟೋವಿಯವರ ಅಕ್ಕಿ ಗೋಧಿಗಳ ವಿಚಾರ ಬರಿಯ ಭ್ರಮೆಯೆ? ಅಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಈ ರೋಗಾಣು ಜಗತ್ತಿನ ಸುಮಾರು ಅರ್ಧ ಜನರಲ್ಲಿದೆ, ಅವರಲ್ಲಿ ಬಹುಪಾಲು ಜನರಿಗೆ ಹುಣ್ಣೇ ಆಗುವುದಿಲ್ಲ. ಹುಣ್ಣು ಹೆಚ್ಚಾದ ನಾಡಿನಲ್ಲಿಯೂ ಕಡಮೆಯಾದ ನಾಡಿನಲ್ಲಿಯೂ ಸೋಂಕು ಹೆಚ್ಚುಕಡಿಮೆ ಸಮನಾಗಿಯೇ ಇರುವುದನ್ನು ಟೋವಿಯವರು ಮುಂದೆ ಎತ್ತಿ ತೋರಿಸಿದರು. ಸೋಂಕು ಎಲ್ಲೆಡೆಯೂ ಇದ್ದು ಹುಣ್ಣು ಮಾತ್ರ ಕೆಲವೆಡೆ ಹೆಚ್ಚಾಗುವುದಾದರೆ, ಆ ವ್ಯತ್ಯಾಸಕ್ಕೆ ಬೇರೊಂದು ಕಾರಣವನ್ನು ಹುಡುಕಲೇಬೇಕು. ಅವರು ಮತ್ತು ಅವರ ಸಹೋದ್ಯೋಗಿಗಳು ಹುಣ್ಣು ವಿರಳವಾದ ನಾಡುಗಳ ಧಾನ್ಯಗಳನ್ನು, ಎಂದರೆ ತೌಡು ತೆಗೆಯದ ಗೋಧಿ, ಕೆಲವು ಕಿರುಧಾನ್ಯ, ಬೇಳೆಕಾಳುಗಳನ್ನು, ಇಲಿಗಳ ಮೇಲೆ ಪರೀಕ್ಷಿಸಿ, ಅವುಗಳ ಕೊಬ್ಬಿನಂಶದಲ್ಲಿ ಜಠರವನ್ನು ಕಾಪಾಡುವ ಗುಣವನ್ನು ಕಂಡರು. ಫಾಸ್ಫೊಲಿಪಿಡ್ ಮತ್ತು ಸಸ್ಯಸ್ಟೆರಾಲುಗಳೇ ಆ ರಕ್ಷಕಗಳೆಂದು ಸೂಚಿಸಿದರು. ಅವರು ಆರಿಸಿಕೊಂಡ ಕಾಳುಗಳಲ್ಲಿ ಮುಖ್ಯವಾದದ್ದು ನಮ್ಮ ಹುರುಳಿ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಚಿಕಿತ್ಸೆಯಾಗಲೇಬೇಕೆಂದಿಲ್ಲವೆಂಬುದನ್ನು ಒಪ್ಪಿಯೂ, ಬಡವರ ಕಾಳೆಂದು ಮೂಲೆಗೆ ತಳ್ಳಲ್ಪಟ್ಟ ಈ ಧಾನ್ಯವು ಹುಣ್ಣಿನವನ ಊಟದಲ್ಲಿ ಗೌರವದ ಸ್ಥಾನಕ್ಕೆ ಅರ್ಹವೆಂದು ಹೇಳಲು ನನಗೆ ಸಂಕೋಚವಿಲ್ಲ.

ಖಾನಾಪುರದ ಅಡುಗೆಮನೆಗಳಿಗೆ ಹುರುಳಿ ಹೊಸದಲ್ಲ. ಮರಾಠಿ ಮನೆಗಳಲ್ಲಿ ಅದರ ಹಿಟ್ಟಿನ ಪಿಠಲೆ, ಕನ್ನಡದ ಮನೆಗಳಲ್ಲಿ ಅದರ ಕಟ್ಟಿನ ಸಾರು ನಿತ್ಯದ ಸಂಗತಿ. ನೋವಿನ ದಿನಗಳಿಗೆ ಅದನ್ನು ಹೀಗೆ ಮಾಡಬಹುದು. ಕಾಳನ್ನು ಆರಿಸಿ, ರಾತ್ರಿಯೆಲ್ಲ ನೆನೆಯಿಸಿ, ನೀರು ಚೆಲ್ಲಿ, ಹೊಸ ನೀರನ್ನು ಧಾರಾಳವಾಗಿ ಹಾಕಿ, ಬೆರಳಿನಿಂದ ಒತ್ತಿದರೆ ಹಿಟ್ಟಾಗುವವರೆಗೆ ಬೇಯಿಸಬೇಕು. ಕಟ್ಟನ್ನು ಬಸಿದ ಮೇಲೆ ಕಾಳನ್ನು ಪೂರ್ತಿ ದೂರವಿಡದೆ ಒಂದು ಹಿಡಿಯಷ್ಟನ್ನು ನುಣ್ಣಗೆ ರುಬ್ಬಿ ಕಟ್ಟಿನೊಳಕ್ಕೆ ಸೇರಿಸುವುದು ಅಗತ್ಯ; ಏಕೆಂದರೆ ಮೇಲೆ ಹೇಳಿದ ರಕ್ಷಕಗಳು ಕೊಬ್ಬಿನ ಜಾತಿಯವು, ಅವು ನೀರಿಗೆ ಅಷ್ಟಾಗಿ ಇಳಿಯದೆ ಕಾಳಿನಲ್ಲಿಯೇ ಉಳಿಯುತ್ತವೆ. ಜೀರಿಗೆ, ಕರಿಬೇವು, ಒಂದು ಚಮಚ ತುಪ್ಪದ ಒಗ್ಗರಣೆ ಸಾಕು. ಹುಣಸೆಯನ್ನೂ ಮುರುಗಲನ್ನೂ ಆ ದಿನಗಳಲ್ಲಿ ಹಿತಮಿತವಾಗಿ ಬಳಸತಕ್ಕದ್ದು. ಇದಕ್ಕೆ ಜೊತೆ ಗಂಜಿ. ಒಂದು ಭಾಗ ಅಕ್ಕಿನುಚ್ಚಿಗೋ ಜೋಳದ ನುಚ್ಚಿಗೋ ಎಂಟು ಭಾಗ ನೀರು ಹಾಕಿ, ಸಣ್ಣ ಉರಿಯಲ್ಲಿ, ಅಗುಳು ಕರಗುವಷ್ಟು ಬೇಯಿಸಿ, ಉಗುರುಬೆಚ್ಚಗಾದ ಮೇಲೆ, ಹುಳಿಯದ ತಿಳಿಮಜ್ಜಿಗೆಯೊಡನೆ ಕುಡಿಯಬಹುದು. ನೋವು ತಗ್ಗಿದ ಮೇಲೆ ರೊಟ್ಟಿಯನ್ನು ಬಿಡಬೇಕಾದ ಕಾರಣವೇ ಇಲ್ಲ. ಬಿಸಿ ರೊಟ್ಟಿಯನ್ನು ಚೆನ್ನಾಗಿ ಅಗಿದು ತಿಂದರೆ ಮಲ್ಹೋತ್ರರ ತರ್ಕಕ್ಕೂ ನ್ಯಾಯ ಸಲ್ಲುತ್ತದೆ.

ಖಾರದ ವಿಷಯದಲ್ಲಿ ನಮ್ಮ ಜನರಿಗಿರುವ ಭಯಕ್ಕಿಂತ ಸತ್ಯವು ಸೌಮ್ಯವಾದದ್ದು. 1988ರಲ್ಲಿ ಅಮೆರಿಕದ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಸಪ್ಪೆ ಊಟ, ಆಸ್ಪಿರಿನ್ ಸಹಿತವಾದ ಸಪ್ಪೆ ಊಟ, ಮೆಣಸಿನಕಾಯಿ ತುಂಬಿದ ಖಾರದ ಊಟ, ಇವುಗಳನ್ನು ಕೊಟ್ಟು, ಮರುದಿನ ಬಾಯಿಯ ಮೂಲಕ ಇಳಿಬಿಡುವ ಎಂಡೊಸ್ಕೋಪಿನಿಂದ ಜಠರದ ಒಳಮೈಯನ್ನು ನೋಡಿದರು. ಖಾರದ ಊಟದಿಂದ ಗಮನಾರ್ಹವಾದ ಗಾಯ ಕಾಣಲಿಲ್ಲ. ಆಸ್ಪಿರಿನ್ ನುಂಗಿದವರಲ್ಲಿ ಗೀರುಗಳು ಕಂಡವು. ಎಂದಮೇಲೆ, ಹಸಿಮೆಣಸಿನಕಾಯಿಯ ಖಾರವೂ ಶೇಂಗಾ ಹಿಂಡಿಯೂ ಹುಣ್ಣನ್ನು ಹುಟ್ಟಿಸುವುವೆಂದು ಹೇಳಲಾಗದು. ಆದರೆ ಇರುವ ಹುಣ್ಣಿನ ಮೇಲೆ ಅವು ಉರಿಯನ್ನು ಹೆಚ್ಚಿಸುವುದಾದರೆ ಕೆಲವು ವಾರ ದೂರವಿಡುವುದು ಸಹಜವಾದ ವಿವೇಕ. ಯಾರಿಗೆ ಯಾವುದು ಒಗ್ಗದು ಎಂಬುದನ್ನು ರೋಗಿಯೇ ಒಂದೊಂದಾಗಿ ಬಿಟ್ಟು ನೋಡಿ ನಿರ್ಣಯಿಸಿಕೊಳ್ಳತಕ್ಕದ್ದು. ಇಡೀ ಮನೆಯ ರುಚಿಯನ್ನು ನಂದಿಸಿ ಸಪ್ಪೆ ಅನ್ನವನ್ನು ವರ್ಷಗಟ್ಟಲೆ ಉಣ್ಣಿಸುವುದು ರೋಗಿಯ ಮೈಬಲವನ್ನೇ ಕುಂದಿಸುತ್ತದೆ.

ನಿಜವಾದ ಶತ್ರು ಇರುವುದು ಅಡುಗೆಮನೆಯಲ್ಲಿ ಅಲ್ಲ, ಕಿರಾಣಿ ಅಂಗಡಿಯ ಗಾಜಿನ ಭರಣಿಯ ಪಕ್ಕದಲ್ಲಿ. ಆಷಾಢದಲ್ಲಿ ನಾಟಿಯ ಕೆಲಸ ನಡೆದಿರುವಾಗ, ದಿನವಿಡೀ ಕೆಸರಿನಲ್ಲಿ ಬಾಗಿ ನಿಂತು ಸಸಿ ಊರುವ ಹೆಂಗಸರ ಸೊಂಟ, ಕಾಲುಗಳು ರಾತ್ರಿ ಹಿಡಿದುಕೊಳ್ಳುತ್ತವೆ. ಬೆಳಿಗ್ಗೆ ಮತ್ತೆ ಗದ್ದೆಗೆ ಹೋಗಲೇಬೇಕು. ಬರಿ ಹೊಟ್ಟೆಗೆ ಒಂದು ಬಟ್ಟಲು ಚಹಾ, ಅದರ ಜೊತೆಗೆ ಮೈಕೈ ನೋವಿನ ಒಂದು ಗುಳಿಗೆ. ‘ಒಂದ್ ಗುಳಿಗಿ ತಗೊಂಡ್ರ ದಿನ ಕಳೀತೈತ್ರಿ’ ಎಂಬ ಮಾತಿನಲ್ಲಿ ಅಜ್ಞಾನಕ್ಕಿಂತ ದಾರಿದ್ರ್ಯವೇ ಹೆಚ್ಚಾಗಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲಾದ ಈ ಗುಳಿಗೆಗಳು ನೋವನ್ನು ತಗ್ಗಿಸುವ ರೀತಿಯನ್ನು 1971ರಲ್ಲಿ ಜಾನ್ ವೇನ್ ಕಂಡುಹಿಡಿದರು: ಅವು ಪ್ರೊಸ್ಟಗ್ಲ್ಯಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಡೆಯುತ್ತವೆ. ಸೊಂಟದಲ್ಲಿ ನೋವನ್ನು ಕೆರಳಿಸುವ ಅದೇ ದ್ರವ್ಯಗಳು ಜಠರದಲ್ಲಿ ಲೋಳೆಯನ್ನೂ ಕ್ಷಾರವನ್ನೂ ರಕ್ತದ ಹರಿವನ್ನೂ ಪೋಷಿಸುವಂಥವು. ಸೊಂಟ ಹಗುರವಾಗುತ್ತದೆ, ಜಠರ ರಕ್ಷಣೆಗೆಡುತ್ತದೆ. ಅದೂ ಸದ್ದಿಲ್ಲದೆ, ಏಕೆಂದರೆ ಗುಳಿಗೆಯು ಹುಣ್ಣಿನ ನೋವನ್ನೂ ಮರೆಮಾಚಬಲ್ಲದು. ಕೆಲವರಲ್ಲಿ ಮೊದಲ ಸೂಚನೆಯೇ ರಕ್ತವಾಂತಿ. ಇಂಥ ನೋವಿಗೆ ಬಿಸಿನೀರಿನ ಶಾಖ, ಒಂದೆರಡು ದಿನದ ವಿರಾಮ, ಬೇಕೇಬೇಕಾದರೆ ಮಿತಪ್ರಮಾಣದಲ್ಲಿ ಪ್ಯಾರಾಸಿಟಮಾಲ್, ಇವು ಜಠರಕ್ಕೆ ಬಹಳ ಸುರಕ್ಷಿತ. ಹೃದಯರೋಗಕ್ಕಾಗಿ ವೈದ್ಯರೇ ಆಸ್ಪಿರಿನ್ ಕೊಟ್ಟಿದ್ದರೆ ಅದನ್ನು ತಾವಾಗಿ ನಿಲ್ಲಿಸದೆ, ಹೊಟ್ಟೆಯ ತೊಂದರೆಯನ್ನು ಅವರಿಗೇ ಹೇಳತಕ್ಕದ್ದು. ಬೀಡಿ, ಸಿಗರೇಟುಗಳು ಹುಣ್ಣು ಮಾಯುವುದನ್ನು ತಡೆದು ಮರುಕಳಿಸುವಂತೆ ಮಾಡುತ್ತವೆ. ನಿಪ್ಪಾಣಿಯ ತಂಬಾಕು ಹೊಲಗಳ ಜಿಲ್ಲೆಯಲ್ಲಿ ಈ ಮಾತು ಅಪ್ರಿಯವಾದರೂ ಹೇಳಬೇಕಾದದ್ದು.

ಮನೆಮದ್ದುಗಳಲ್ಲಿ ಕೆಲವಕ್ಕೆ ಆಧಾರವುಂಟು, ಆದರೆ ಅಪಾಯವೂ ಉಂಟು. ಜ್ಯೇಷ್ಠಮಧುವಿನ ಗುಣವನ್ನು 1940ರ ದಶಕದಲ್ಲಿ ಹಾಲೆಂಡಿನ ವೈದ್ಯ ರೆವರ್ಸ್ ಪರೀಕ್ಷಿಸಿ, ಹುಣ್ಣು ಮಾಯುವುದನ್ನು ಕಂಡುದಲ್ಲದೆ, ಹಲವು ರೋಗಿಗಳಿಗೆ ಮೈ ಊದಿಕೊಳ್ಳುವುದನ್ನೂ ಗಮನಿಸಿದನು. ಈ ಬೇರಿನಿಂದಲೇ ಕಾರ್ಬೆನೊಕ್ಸಲೋನ್ ಎಂಬ ಔಷಧ ಸಿದ್ಧವಾಯಿತು. ಮೈ ಊದಿಸುವ ಗುಣವಿರುವುದರಿಂದ ರಕ್ತದೊತ್ತಡ, ಹೃದಯ, ಮೂತ್ರಪಿಂಡಗಳ ತೊಂದರೆಯುಳ್ಳವರೂ ಗರ್ಭಿಣಿಯರೂ ಈ ಬೇರನ್ನು ದಿನವೂ ಸೇವಿಸಬಾರದು. ಬಾಳೆಕಾಯಿಯ ಪುಡಿಯು ಇಲಿಗಳ ಜಠರದ ಒಳಮೈಯನ್ನು ದಪ್ಪಗೊಳಿಸುವುದನ್ನು ವಾರಾಣಸಿಯ ವಿಜ್ಞಾನಿಗಳು ತೋರಿಸಿದ್ದಾರೆ. ಬಾಳೆಕಾಯಿಯ ಪಲ್ಯವನ್ನು ಧಾರಾಳವಾಗಿ ಉಣ್ಣಬಹುದು. ಅಡುಗೆ ಸೋಡಾ ಕ್ಷಣಮಾತ್ರದ ಶಮನವನ್ನು ಕೊಟ್ಟು, ಗಾಳಿಯನ್ನು ತುಂಬಿ, ದೇಹಕ್ಕೆ ಬೇಡದ ಸೋಡಿಯಮ್ಮನ್ನು ಸೇರಿಸುತ್ತದೆ. ನಿತ್ಯದ ರೂಢಿಗೆ ಅದು ಸಲ್ಲದು. ಸಂಕಷ್ಟಿ, ಏಕಾದಶಿ, ಶ್ರಾವಣ ಸೋಮವಾರಗಳ ಉಪವಾಸದಲ್ಲಿ ದಿನವೆಲ್ಲ ಚಹಾ ಕುಡಿದು ರಾತ್ರಿ ಸಾಬೂದಾಣಿ ತಿನ್ನುವ ಪದ್ಧತಿಯನ್ನು ಹುಣ್ಣು ಮಾಯುವವರೆಗೆ ಮುಂದೂಡುವುದು ಒಳ್ಳೆಯದು. ಪಶ್ಚಿಮಘಟ್ಟದ ಔಷಧಸಸ್ಯಗಳನ್ನು ಆಧುನಿಕ ವಿಜ್ಞಾನದ ಒರೆಗಲ್ಲಿಗೆ ತಿಕ್ಕುವ ರಾಷ್ಟ್ರೀಯ ಪಾರಂಪರಿಕ ವೈದ್ಯವಿಜ್ಞಾನ ಸಂಸ್ಥೆಯು ಬೆಳಗಾವಿಯಲ್ಲಿಯೇ ಇರುವುದರಿಂದ, ಖಾನಾಪುರದ ಕಾಡಿನ ಬೇರು ತೊಗಟೆಗಳ ವಿಷಯದಲ್ಲಿ ನಾವು ನಂಬಿಕೆಯನ್ನಷ್ಟೇ ಅವಲಂಬಿಸಬೇಕಾದ ಕಾಲವು ಕಳೆಯುತ್ತ ಬಂದಿದೆ.

ಇಷ್ಟೆಲ್ಲವನ್ನೂ ಮಾಡಿ ನೋವು ನಿಂತರೂ ಹುಣ್ಣು ಮಾಯ್ದಿತೆಂದು ತಿಳಿಯಲಾಗದು; ಈ ಅಧ್ಯಾಯದಲ್ಲಿ ನಾನು ಓದುಗರಿಗೆ ಒತ್ತಿ ಹೇಳಬಯಸುವುದು ಇದನ್ನೇ. ಗಂಜಿಯು ರೋಗಾಣುವನ್ನು ಕೊಲ್ಲುವುದಿಲ್ಲ. ಎರಡು ವಾರಕ್ಕೂ ಮಿಕ್ಕಿ ನೋವು ಮರಳಿ ಮರಳಿ ಬರುತ್ತಿದ್ದರೆ ಮಲ, ಉಸಿರು ಅಥವಾ ಎಂಡೊಸ್ಕೋಪಿಯ ಪರೀಕ್ಷೆಯಿಂದ ಸೋಂಕನ್ನು ಪತ್ತೆಮಾಡಿಸಿ, ಇದ್ದಲ್ಲಿ ಎರಡು ಬಗೆಯ ರೋಗಾಣುನಾಶಕಗಳನ್ನೂ ಆಮ್ಲನಿರೋಧಕವನ್ನೂ, ಸಾಮಾನ್ಯವಾಗಿ 14 ದಿನ, ಒಂದು ಹೊತ್ತೂ ತಪ್ಪದಂತೆ ಸೇವಿಸಬೇಕು. ನಾಲ್ಕನೆಯ ದಿನಕ್ಕೆ ಉರಿ ನಿಂತಿತೆಂದು ಬಿಟ್ಟುಬಿಟ್ಟರೆ ಬದುಕುಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಒಮೆಪ್ರಜೋಲ್ ಜಾತಿಯ ಆಮ್ಲನಿರೋಧಕವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳತಕ್ಕದ್ದು. ಜಠರದ ಆಮ್ಲಯಂತ್ರಗಳು ಊಟದಿಂದ ಚುರುಕಾಗುವ ಹೊತ್ತಿಗೆ ಔಷಧವು ರಕ್ತದಲ್ಲಿರಬೇಕಾದ್ದು ಇದಕ್ಕೆ ಕಾರಣ. ಚಿಕಿತ್ಸೆ ಮುಗಿದ ನಾಲ್ಕು ವಾರಗಳ ತರುವಾಯ, ಆಮ್ಲನಿರೋಧಕವನ್ನು ಎರಡು ವಾರ ನಿಲ್ಲಿಸಿ, ಸೋಂಕು ಹೋಯಿತೆ ಎಂಬುದನ್ನು ಮತ್ತೆ ಪರೀಕ್ಷಿಸುವುದು ಯುಕ್ತ. ಐವತ್ತು ದಾಟಿದವರಲ್ಲಿ ಹೊಸದಾಗಿ ನೋವು ತೊಡಗಿದರೆ, ಅಥವಾ ಯಾವ ವಯಸ್ಸಿನಲ್ಲಾದರೂ ತೂಕ ಇಳಿಯುತ್ತ, ರಕ್ತ ಕುಂದುತ್ತ, ನುಂಗಲು ಕಷ್ಟವಾಗುತ್ತ ಬಂದರೆ, ಅರ್ಬುದದ ಶಂಕೆಯಿಂದ ಎಂಡೊಸ್ಕೋಪಿಯನ್ನು ತಡಮಾಡದೆ ಮಾಡಿಸಬೇಕು.

ಖಾನಾಪುರ ತಾಲೂಕಿನ ಭೀಮಗಡದ ಕಾಡಿನೊಳಗಣ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರಬೇಕಾದ ಸ್ಥಿತಿ ಇನ್ನೂ ಇರುವುದರಿಂದ, ಯಾವ ಲಕ್ಷಣ ಕಂಡಾಗ ಕಾಯಬಾರದೆಂಬುದನ್ನು ಅಲ್ಲಿಯ ಮನೆಗಳವರು ಮೊದಲೇ ಅರಿತಿರುವುದು ಇತರರಿಗಿಂತ ಅಗತ್ಯ. ಮಲವು ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ಗಂಧದಿಂದ ಕೂಡಿ ಹೋಗುವುದು. ರಕ್ತವನ್ನೋ ಕಾಫಿಯ ಗಸಿಯಂಥ ದ್ರವವನ್ನೋ ವಾಂತಿ ಮಾಡುವುದು. ನಿಂತಲ್ಲಿ ತಲೆ ತಿರುಗಿ ಬೆವರುವುದು. ಇವು ಒಳಗೆ ರಕ್ತ ಸೋರುತ್ತಿರುವುದರ ಚಿಹ್ನೆಗಳು. ಕಬ್ಬಿಣಾಂಶದ ಗುಳಿಗೆ ನುಂಗುವವರಲ್ಲಿಯೂ ಮಲ ಕಪ್ಪಾಗುವುದುಂಟು, ಆದರೆ ಅದರಲ್ಲಿ ಆ ಅಂಟೂ ಆ ವಾಸನೆಯೂ ಇರವು. ಹೊಟ್ಟೆಯಲ್ಲಿ ಹಠಾತ್ತನೆ ಚೂರಿಯಿಂದ ಇರಿದಂತಹ ನೋವೆದ್ದು, ಹೊಟ್ಟೆಯು ಹಲಗೆಯಂತೆ ಬಿಗಿದು, ರೋಗಿಯು ಅಲುಗಾಡಲೂ ಹೆದರಿ ಮಲಗಿಬಿಟ್ಟರೆ ಹುಣ್ಣು ತೂತಾಗಿದೆಯೆಂದು ತಿಳಿಯತಕ್ಕದ್ದು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆಮಾಡಿ, ಶಸ್ತ್ರಕ್ರಿಯೆಯ ಸೌಕರ್ಯವಿರುವ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೊರಡಬೇಕು; ಹಿಂದಿನ ವಾರಗಳಲ್ಲಿ ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಜೊತೆಗೊಯ್ದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ದಾರಿಯಲ್ಲಿ ರೋಗಿ ಎಷ್ಟು ಬೇಡಿದರೂ ಹಾಲನ್ನಾಗಲಿ ನೀರನ್ನಾಗಲಿ ಗಂಜಿಯನ್ನಾಗಲಿ ಕೊಡಬಾರದು: ಹುಣ್ಣು ತೂತಾಗಿದ್ದರೆ ಬಾಯಲ್ಲಿ ಹಾಕಿದ್ದು ಆ ತೂತಿನಿಂದ ಹೊಟ್ಟೆಯೊಳಗೆಲ್ಲ ಹರಡುತ್ತದೆ, ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆ ಕೊಡುವಾಗ ವಾಂತಿಯಾಗಿ ಶ್ವಾಸನಾಳವನ್ನೂ ಸೇರಬಹುದು.